ಆಟ ನಿಂತ ಮೇಲಿನ ದಾರಿ: ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ಒಹಾಯೊ ರಾಜ್ಯದಲ್ಲಿದೆ. ನಾನು ಅಲ್ಲಿದ್ದ ಕೆಲವು ತಿಂಗಳುಗಳಲ್ಲಿ, ಶನಿವಾರ ಬಂತೆಂದರೆ ಊರಿಗೆ ಊರೇ ಕಾಲೇಜು ಫುಟ್‌ಬಾಲ್ ನೋಡಲು ಹೊರಡುವುದನ್ನು ಕಂಡೆ. ಆಟಗಾರರಿಗಿಂತ ತರಬೇತುದಾರರ ಮಾತೇ ಹೆಚ್ಚಾಗಿ ಕಿವಿಗೆ ಬೀಳುತ್ತಿತ್ತು. ಇವರೆಲ್ಲ ಹಿಂದೆ ಹೆಸರಾಂತ ಆಟಗಾರರಾಗಿದ್ದವರೇ? ಆಟಗಾರನೊಬ್ಬ ತರಬೇತುದಾರನಾಗುವ ದಾರಿ ಯಾವುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ನೋಡಿದ್ದು ನಮ್ಮ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ತಡೆದು ಕೆಡಹುವ ಆಟ ಅದು. ತಂಡಕ್ಕೆ ಹನ್ನೊಂದು ಜನ. ಪ್ರತಿ ಸಲ ಚೆಂಡು ನಿಂತಾಗಲೂ ಆಟ ನಿಲ್ಲುತ್ತದೆ, ಮುಂದಿನ ನಡೆಯನ್ನು ಅಂಗಳದ ಅಂಚಿನಿಂದ ತರಬೇತುದಾರರ ಬಳಗ ಹೇಳಿ ಕಳಿಸುತ್ತದೆ. ಒಂದು ಪಂದ್ಯದಲ್ಲಿ ಇಂಥ ನಿರ್ಧಾರಗಳು ನೂರಕ್ಕೂ ಮಿಕ್ಕಿ ಬರುವುದರಿಂದ ಗೆಲುವು ಸೋಲುಗಳೆರಡರಲ್ಲೂ ತರಬೇತುದಾರನ ಪಾಲು ಬೇರೆ ಆಟಗಳಿಗಿಂತ ದೊಡ್ಡದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲನಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ.

ಹೆಸರಾಂತ ಆಟಗಾರರಾಗಿದ್ದವರೂ ಇದ್ದಾರೆ. ಸ್ಟೀವ್ ಸ್ಪರಿಯರ್ 1966ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಪರ, ಚೆಂಡೆಸೆದು ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ, ಕಾಲೇಜು ಆಟಗಾರನಿಗೆ ಸಿಗುವ ಅತಿ ದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದರು, ಮೂವತ್ತು ವರ್ಷಗಳ ನಂತರ ಅದೇ ವಿಶ್ವವಿದ್ಯಾಲಯಕ್ಕೆ ತರಬೇತುದಾರರಾಗಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಆದರೆ ಈ ವೃತ್ತಿಯ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಹೆಚ್ಚಾಗಿ ಎದುರಾದವರು ಇನ್ನೊಂದು ಬಗೆಯವರು: ಎರಡನೆಯ ಸಾಲಿನಲ್ಲಿದ್ದವರು, ಬೆಂಚಿನ ಮೇಲೆ ಕುಳಿತು ಇಡೀ ಅಂಗಳವನ್ನು ನೋಡಲು ಕಲಿತವರು. ಅಲಬಾಮ ವಿಶ್ವವಿದ್ಯಾಲಯಕ್ಕೆ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟು, 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ 323 ಗೆಲುವುಗಳನ್ನು ಕಂಡಿದ್ದ ಪಾಲ್ ‘ಬೇರ್’ ಬ್ರಯಂಟ್, 1930ರ ದಶಕದಲ್ಲಿ ಅದೇ ಅಲಬಾಮ ತಂಡದಲ್ಲಿ ಆಡಿದ್ದವರು. ಆಗ ಜನರ ಕಣ್ಣೆಲ್ಲ ಸಾಲಿನ ಒಂದು ತುದಿಯ ಡಾನ್ ಹಟ್ಸನ್ ಮೇಲಿತ್ತು, ಬ್ರಯಂಟ್ ‘ಇನ್ನೊಂದು ತುದಿಯವನು’ ಅಷ್ಟೆ. ಕ್ಲೆಮ್ಸನ್ ತಂಡವನ್ನು 2016 ಮತ್ತು 2018ರಲ್ಲಿ ಗೆಲ್ಲಿಸಿದ ಡ್ಯಾಬೊ ಸ್ವಿನಿ, ವಿದ್ಯಾರ್ಥಿವೇತನವಿಲ್ಲದೆ ತಾವಾಗಿಯೇ ಹೋಗಿ ಅಲಬಾಮ ತಂಡ ಸೇರಿಕೊಂಡಿದ್ದವರು.

ದಾರಿಯ ಮೊದಲ ಮೆಟ್ಟಿಲು ‘ಗ್ರಾಜುಯೇಟ್ ಅಸಿಸ್ಟೆಂಟ್’ ಎಂಬ ಹುದ್ದೆ. ಪದವಿ ಮುಗಿದ ಆಟಗಾರ ಸ್ನಾತಕೋತ್ತರ ತರಗತಿಗೆ ಸೇರಿ, ಶುಲ್ಕ ವಿನಾಯಿತಿ ಮತ್ತು ಸಣ್ಣ ಮೊತ್ತದ ಭತ್ಯೆಗಾಗಿ ತಂಡದ ಕೆಲಸಕ್ಕೆ ನಿಲ್ಲುತ್ತಾನೆ. ಎದುರಾಳಿಗಳ ಪಂದ್ಯಗಳ ವಿಡಿಯೊ ನೋಡಿ ನಡೆಗಳನ್ನು ವಿಂಗಡಿಸುವುದು, ಅಭ್ಯಾಸದಲ್ಲಿ ಎದುರಾಳಿ ತಂಡದಂತೆ ಆಡುವ ಹುಡುಗರನ್ನು ಸಜ್ಜುಗೊಳಿಸುವುದು, ಹಿರಿಯರು ಹೇಳಿದ ಚಿಲ್ಲರೆ ಕೆಲಸಗಳನ್ನೆಲ್ಲ ಮಾಡುವುದು. ನಮ್ಮಲ್ಲಿ ಸಂಗೀತ ಕಲಿಯುವವರು ಗುರುಗಳ ಮನೆಯಲ್ಲಿದ್ದು ತಂಬೂರಿ ಹಿಡಿದು ಕೂರುತ್ತಿದ್ದ ವರ್ಷಗಳಿಗೆ ಇದನ್ನು ಹೋಲಿಸಿದರೆ ತಪ್ಪಾಗಲಾರದು. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಕ್ಷಣಾ ಸಾಲಿನ ಹಿಂದೆ ಆಡುತ್ತಿದ್ದ ನಿಕ್ ಸೇಬನ್ ಅವರಿಗೆ ತರಬೇತುದಾರರಾಗುವ ಯೋಚನೆಯೇ ಇರಲಿಲ್ಲ. ಹೆಂಡತಿಯ ಪದವಿ ಮುಗಿಯಲು ಇನ್ನೂ ಸಮಯವಿದ್ದುದರಿಂದ ಊರಲ್ಲೇ ಉಳಿಯಬೇಕಾಗಿ ಬಂದು, ತಮ್ಮ ತರಬೇತುದಾರ ಡಾನ್ ಜೇಮ್ಸ್ ಕರೆದರೆಂದು 1973ರಲ್ಲಿ ಈ ಹುದ್ದೆಗೆ ಒಪ್ಪಿಕೊಂಡರು. 2024ರ ಜನವರಿಯಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳಿದ್ದವು: ಲೂಸಿಯಾನ ಸ್ಟೇಟ್‌ನಲ್ಲಿ ಒಂದು, ಅಲಬಾಮದಲ್ಲಿ ಆರು.

ಈ ಮೆಟ್ಟಿಲುಗಳು ಜಾರುವುದೂ ಉಂಟು. ಮುಖ್ಯ ತರಬೇತುದಾರ ಕೆಲಸ ಕಳೆದುಕೊಂಡರೆ ಅವನ ಸಹಾಯಕರೂ ಸಾಮಾನ್ಯವಾಗಿ ಮನೆಗೆ ಹೋಗಬೇಕು. ಸ್ವಿನಿ ಹೀಗೆಯೇ ಕೆಲಸವಿಲ್ಲದೆ ಸುಮಾರು ಎರಡು ವರ್ಷ ಆಸ್ತಿ ಮತ್ತು ಕಟ್ಟಡಗಳ ವ್ಯವಹಾರದಲ್ಲಿ ದುಡಿದು, 2003ರಲ್ಲಿ ಸಹಾಯಕರಾಗಿ ಮತ್ತೆ ಅಂಗಳಕ್ಕೆ ಮರಳಿದರು.

ಪ್ರಶ್ನೆ: ಈ ಆಟದಲ್ಲಿ ಕಪ್ಪು ಜನಾಂಗದ ಆಟಗಾರರು ಇಷ್ಟೊಂದು ಸಂಖ್ಯೆಯಲ್ಲಿದ್ದರೂ ತರಬೇತುದಾರರಲ್ಲಿ ಅವರು ಕಡಿಮೆ ಎಂದು ಓದಿದ್ದೇನೆ. ಇದು ನಿಜವೇ?
– ಕಾಲೇಜು ಉಪನ್ಯಾಸಕಿ, ಧಾರವಾಡ

ಉತ್ತರ: ನಿಜ, ಮತ್ತು ಇದು ನೋವಿನ ಸಂಗತಿ. ನಿಮ್ಮ ಪ್ರಶ್ನೆಗೆ ಉತ್ತರಿಸಲು ನಾನು ಮೊದಲು ಎಡ್ಡಿ ರಾಬಿನ್ಸನ್ ಅವರ ಬದುಕನ್ನು ಹೇಳಬೇಕು. ಲೂಸಿಯಾನದಲ್ಲಿ ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದ ತಂದೆಯ ಮಗ ಅವರು, ಹುಟ್ಟಿದ್ದು 1919ರಲ್ಲಿ. ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದ ಲೀಲಂಡ್ ಎಂಬ ಸಣ್ಣ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ಪದವಿ ಪಡೆದ ಮೇಲೆ ಸಿಕ್ಕಿದ್ದು ದನಕರುಗಳ ಮೇವು ತಯಾರಿಸುವ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ. ಬಿಳಿಯರ ವಿಶ್ವವಿದ್ಯಾಲಯಗಳು ಅವರನ್ನು ತರಬೇತುದಾರನನ್ನಾಗಿ ಕರೆಯುವ ಮಾತೇ ಆ ಕಾಲದ ದಕ್ಷಿಣದಲ್ಲಿ ಇರಲಿಲ್ಲ. 1941ರಲ್ಲಿ, 22ನೆಯ ವಯಸ್ಸಿಗೆ, ಇಂದು ಗ್ರ್ಯಾಂಬ್ಲಿಂಗ್ ಸ್ಟೇಟ್ ಎಂದು ಹೆಸರಾಗಿರುವ ಕಪ್ಪು ಜನರ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಅಂಗಳದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಹುಡುಗರ ಕಾಲಿನ ಗಂಟಿಗೆ ಪಟ್ಟಿ ಸುತ್ತುವುದು, ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿ ಬರೆದು ಕಳಿಸುವುದು, ಎಲ್ಲವೂ ಅವರದೇ ಕೆಲಸವಾಗಿತ್ತು. ಮರುವರ್ಷ, ಅಂದರೆ 1942ರಲ್ಲಿ, ಆ ತಂಡ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದಿತು, ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ಅವರು ಅದೇ ಊರಿನಲ್ಲಿ 1997ರವರೆಗೂ ಇದ್ದರು. 408 ಗೆಲುವುಗಳು, ವೃತ್ತಿಪರ ಲೀಗಿಗೆ ಹೋದ ಇನ್ನೂರಕ್ಕೂ ಹೆಚ್ಚು ಶಿಷ್ಯರು. ಅವರಲ್ಲಿ ಡಗ್ ವಿಲಿಯಮ್ಸ್ ಅವರನ್ನು ಹೆಸರಿಸಲೇಬೇಕು. ಕಪ್ಪು ಯುವಕರಿಗೆ ಕ್ವಾರ್ಟರ್‌ಬ್ಯಾಕ್ ಸ್ಥಾನ ನಿಭಾಯಿಸುವ ಬುದ್ಧಿ ಸಾಲದೆಂದು ವೃತ್ತಿಪರ ತಂಡಗಳು ನಂಬಿದ್ದ ಕಾಲದಲ್ಲಿ ರಾಬಿನ್ಸನ್ ತಮ್ಮ ಈ ಶಿಷ್ಯನನ್ನು ಆ ಸ್ಥಾನಕ್ಕೆಂದೇ ಬೆಳೆಸಿದರು. 1988ರ ಜನವರಿಯಲ್ಲಿ ವಿಲಿಯಮ್ಸ್ ವಾಷಿಂಗ್ಟನ್ ತಂಡಕ್ಕೆ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದುಕೊಟ್ಟು, ಆ ಪಂದ್ಯದ ಶ್ರೇಷ್ಠ ಆಟಗಾರನೆನಿಸಿಕೊಂಡರು. ಹತ್ತು ವರ್ಷಗಳ ಬಳಿಕ ಗುರು ನಿವೃತ್ತರಾದಾಗ ಗ್ರ್ಯಾಂಬ್ಲಿಂಗ್‌ನಲ್ಲಿ ಅವರ ಜಾಗಕ್ಕೆ ಬಂದವರೂ ವಿಲಿಯಮ್ಸ್ ಅವರೇ.

ಬಿಳಿಯರು ಬಹುಸಂಖ್ಯಾತರಾಗಿದ್ದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮಾತ್ರ ಬಹಳ ನಿಧಾನವಾಗಿ ತೆರೆಯಿತು. ದಕ್ಷಿಣದ ಪ್ರಬಲ ಕೂಟವಾದ ಎಸ್‌ಇಸಿಯಲ್ಲಿ ಮೊದಲ ಕಪ್ಪು ಮುಖ್ಯ ತರಬೇತುದಾರ ನೇಮಕವಾದದ್ದು 2003ರ ಡಿಸೆಂಬರಿನಲ್ಲಿ: ಬ್ರಯಂಟ್ ಅವರ ಕೈಕೆಳಗೆ ಅಲಬಾಮದಲ್ಲಿ ಸೆಂಟರ್ (ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವವನು) ಆಗಿದ್ದ ಸಿಲ್ವೆಸ್ಟರ್ ಕ್ರೂಮ್, ಮಿಸಿಸಿಪ್ಪಿ ಸ್ಟೇಟ್‌ಗೆ. ಇತ್ತೀಚಿನ ಉದಾಹರಣೆ ಮಾರ್ಕಸ್ ಫ್ರೀಮನ್. ಒಹಾಯೊ ಸ್ಟೇಟ್‌ನಲ್ಲಿ ರಕ್ಷಣಾ ಸಾಲಿನ ಬೆನ್ನಿಗೆ ನಿಲ್ಲುವ ಲೈನ್‌ಬ್ಯಾಕರ್ ಆಗಿದ್ದ ಅವರು ವೃತ್ತಿಪರ ಆಟಕ್ಕೆ ಹೋದ ಒಂದು ವರ್ಷದೊಳಗೇ ವೈದ್ಯರು ಹೃದಯದ ತೊಂದರೆ ಕಂಡುಹಿಡಿದರು. ಆಟ ಅಲ್ಲಿಗೇ ನಿಂತಿತು. 2010ರಲ್ಲಿ ತಮ್ಮ ವಿಶ್ವವಿದ್ಯಾಲಯಕ್ಕೇ ಮರಳಿ ಗ್ರಾಜುಯೇಟ್ ಅಸಿಸ್ಟೆಂಟ್ ಆದರು, 2021ರ ಕೊನೆಗೆ ನೋಟರ್ ಡೇಮ್ ತಂಡದ ಮುಖ್ಯ ತರಬೇತುದಾರರಾದರು. 2025ರ ಜನವರಿಯ ರಾಷ್ಟ್ರೀಯ ಫೈನಲ್‌ಗೆ ತಂಡವನ್ನು ಒಯ್ದಾಗ, ಅಲ್ಲಿಗೆ ತಲುಪಿದ ಮೊದಲ ಕಪ್ಪು ಮುಖ್ಯ ತರಬೇತುದಾರ ಅವರಾಗಿದ್ದರು. ಎದುರಿಗಿದ್ದದ್ದು ಒಹಾಯೊ ಸ್ಟೇಟ್, ಗೆದ್ದದ್ದೂ ಅದೇ. ಆದರೆ ಈ ‘ಮೊದಲು’ ಎಂಬ ಮಾತನ್ನು 2025ರಲ್ಲೂ ಬರೆಯಬೇಕಾಗಿ ಬಂದದ್ದು ನಿಮ್ಮ ಪ್ರಶ್ನೆಗೆ ಸಿಗಬಹುದಾದ ಅತಿ ನೇರವಾದ ಉತ್ತರ.

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಫುಟ್‌ಬಾಲ್ ತರಬೇತುದಾರರಾಗಿದ್ದರೇ?
– ಕಾನೂನು ವಿದ್ಯಾರ್ಥಿ, ಬೆಂಗಳೂರು

ಉತ್ತರ: ಹೌದು, ಮತ್ತು ಕಾನೂನು ವಿದ್ಯಾರ್ಥಿಯಾದ ನಿಮಗೆ ಈ ಕಥೆ ಹಿಡಿಸೀತು. ಮಿಶಿಗನ್ ವಿಶ್ವವಿದ್ಯಾಲಯ 1932 ಮತ್ತು 1933ರಲ್ಲಿ ಸೋಲೇ ಇಲ್ಲದೆ ರಾಷ್ಟ್ರೀಯ ಪ್ರಶಸ್ತಿ ಪಡೆದಾಗ ಫೋರ್ಡ್ ಆ ತಂಡದಲ್ಲಿದ್ದರು, ಆದರೆ ಮೀಸಲು ಸೆಂಟರ್ ಆಗಿ. 1934ರಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನ ಸಿಕ್ಕಾಗ ತಂಡವೇ ಕುಸಿದಿತ್ತು, ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಆದರೂ ಸಂಗಡಿಗರು ಅವರನ್ನು ತಂಡದ ಅತ್ಯಂತ ಮೌಲ್ಯಯುತ ಆಟಗಾರನೆಂದು ಆರಿಸಿದರು.

ಗೆದ್ದ ಆ ಒಂದು ಪಂದ್ಯ ಜಾರ್ಜಿಯಾ ಟೆಕ್ ವಿರುದ್ಧದ್ದು, ಮತ್ತು ಫೋರ್ಡ್ ಬದುಕಿನುದ್ದಕ್ಕೂ ಮರೆಯದೆ ಹೋದದ್ದೂ ಅದನ್ನೇ. ಮಿಶಿಗನ್ ತಂಡದಲ್ಲಿದ್ದ ಕಪ್ಪು ಆಟಗಾರ ವಿಲ್ಲಿಸ್ ವಾರ್ಡ್ ಅಂಗಳಕ್ಕಿಳಿದರೆ ತಾವು ಆಡುವುದಿಲ್ಲವೆಂದು ಜಾರ್ಜಿಯಾದವರು ಹಟ ಹಿಡಿದರು, ಮಿಶಿಗನ್ ಒಪ್ಪಿಕೊಂಡಿತು. ವಾರ್ಡ್ ಫೋರ್ಡ್ ಅವರ ಗೆಳೆಯ, ಪರ ಊರುಗಳ ಪಂದ್ಯಗಳಿಗೆ ಹೋದಾಗ ಒಂದೇ ಕೋಣೆಯಲ್ಲಿ ಉಳಿಯುತ್ತಿದ್ದವರು. ಫೋರ್ಡ್ ಆಟ ಬಿಡುವ ಯೋಚನೆ ಮಾಡಿದರು, ಕೊನೆಗೆ ವಾರ್ಡ್ ಅವರೇ ಆಡೆಂದು ಒತ್ತಾಯಿಸಿದ ಮೇಲೆ ಆಡಿದರು. 1999ರಲ್ಲಿ, ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಜನಾಂಗೀಯ ವೈವಿಧ್ಯವನ್ನು ಗಣಿಸಬೇಕೆಂದು ವಾದಿಸಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಅರವತ್ತೈದು ವರ್ಷ ಹಿಂದಿನ ಈ ಘಟನೆಯನ್ನು ಅವರು ನೆನೆದರು. ವಾರ್ಡ್ ಮುಂದೆ ವಕೀಲರಾದರು, ನ್ಯಾಯಾಧೀಶರಾದರು.

ಪದವಿ ಮುಗಿದಾಗ ಡೆಟ್ರಾಯಿಟ್ ಲಯನ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ಎಂಬ ಎರಡು ವೃತ್ತಿಪರ ತಂಡಗಳು ಫೋರ್ಡ್ ಅವರನ್ನು ಕರೆದವು. ಅವರಿಗೆ ಬೇಕಾಗಿದ್ದದ್ದು ಕಾನೂನು ಓದು, ಕೈಯಲ್ಲಿ ಹಣವಿರಲಿಲ್ಲ. ಹಾಗಾಗಿ 1935ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 2,400 ಡಾಲರ್ ಸಂಬಳದ ಸಹಾಯಕ ಫುಟ್‌ಬಾಲ್ ತರಬೇತುದಾರರಾಗಿ ಹೋದರು, ಜೊತೆಗೆ ಬಾಕ್ಸಿಂಗ್ ಕಲಿಸುವ ಹೊಣೆಯೂ ಇತ್ತು. ಪೂರ್ಣಾವಧಿ ಕೆಲಸದಲ್ಲಿರುವವನು ಕಾನೂನು ತರಗತಿ ನಿಭಾಯಿಸಲಾರನೆಂದು ಮೊದಲು ಅವರಿಗೆ ಪ್ರವೇಶ ನಿರಾಕರಿಸಲಾಯಿತು. ಕೆಲವು ವರ್ಷ ಕಾದು, ಪರೀಕ್ಷಾರ್ಥವಾಗಿ ಒಂದೆರಡು ವಿಷಯಗಳನ್ನು ಓದಿ ತೋರಿಸಿ, 1941ರಲ್ಲಿ ಪದವಿ ಪಡೆದರು. ಅವರು ಯೇಲ್‌ನಲ್ಲಿ ಕಲಿಸಿದ ಹುಡುಗರಲ್ಲಿ ಇಬ್ಬರು, ವಿಲಿಯಂ ಪ್ರಾಕ್ಸ್‌ಮೈರ್ ಮತ್ತು ಕಿರಿಯ ರಾಬರ್ಟ್ ಟಾಫ್ಟ್, ಮುಂದೆ ಸೆನೆಟ್ ಸದಸ್ಯರಾದರು. ಅವರ ಗುರು 1974ರ ಆಗಸ್ಟ್ 9ರಂದು ರಾಷ್ಟ್ರಾಧ್ಯಕ್ಷರಾದರು.

ಪ್ರಶ್ನೆ: ನಮ್ಮ ಮಗ ಇಲ್ಲಿಯ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ. ಕಾಲೇಜಿನಲ್ಲೂ ಆಡಿ ಮುಂದೆ ತರಬೇತುದಾರನಾಗುತ್ತೇನೆ ಎನ್ನುತ್ತಾನೆ. ಅವನ ತಂದೆಗೆ ಇದು ಸುತರಾಂ ಇಷ್ಟವಿಲ್ಲ. ಏನು ಹೇಳುವುದೆಂದು ತೋಚುತ್ತಿಲ್ಲ.
– ತಾಯಿಯೊಬ್ಬರು, ನ್ಯೂಜೆರ್ಸಿ

ಉತ್ತರ: ನಿಮ್ಮ ಮಗ ವೃತ್ತಿಪರ ಆಟಗಾರನಾಗುತ್ತೇನೆಂದು ಹೇಳದೆ ತರಬೇತುದಾರನಾಗುತ್ತೇನೆಂದು ಹೇಳಿರುವುದನ್ನು, ಅಮ್ಮಾ, ದಯವಿಟ್ಟು ಗಮನಿಸಿ. ಕಾಲೇಜು ಫುಟ್‌ಬಾಲ್ ಆಡುವ ನೂರು ಜನರಲ್ಲಿ ಇಬ್ಬರಿಗೂ ವೃತ್ತಿಪರ ಲೀಗಿನ ಬಾಗಿಲು ತೆರೆಯುವುದಿಲ್ಲ. ಉಳಿದವರಿಗೆ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೇ ಆಟ ಮುಗಿಯುತ್ತದೆ. ಅದರ ಮುಂದಿನದನ್ನು ಅವನು ಈಗಲೇ ಯೋಚಿಸುತ್ತಿದ್ದಾನೆಂದರೆ ಅವನಲ್ಲಿ ವಿವೇಕವಿದೆ.

ತಂದೆಯವರ ಆತಂಕವನ್ನೂ ನಾನು ಹಗುರವಾಗಿ ಕಾಣಲಾರೆ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಈ ಆಟದ ನಿಜವಾದ ಅಪಾಯ. ಪೆಟ್ಟಾದಾಗ ಮುಚ್ಚಿಡದೆ ಹೇಳಬೇಕೆಂಬುದನ್ನು ಮಗನಿಂದ ಮಾತು ತೆಗೆದುಕೊಳ್ಳಿ. ತರಬೇತುದಾರನಾಗಲು ತಾರೆಯಾಗಿ ಆಡಬೇಕಿಲ್ಲವೆಂಬುದನ್ನು ಮೇಲಿನ ಉತ್ತರಗಳಲ್ಲಿ ನೋಡಿದಿರಿ. ದೊಡ್ಡ ತಂಡಕ್ಕಾಗಿ ದೇಹವನ್ನು ಪಣಕ್ಕಿಡುವುದಕ್ಕಿಂತ, ಓದಿಗೆ ಬಿಡುವು ಕೊಡುವ ಸಣ್ಣ ಕಾಲೇಜಿನ ತಂಡವೇ ಅವನಿಗೆ ಲೇಸೆಂದು ನನ್ನ ಅನಿಸಿಕೆ.

ನಿಮ್ಮ ರಾಜ್ಯದ್ದೇ ಒಂದು ಉದಾಹರಣೆ ಅವರಿಬ್ಬರಿಗೂ ಹೇಳಬಹುದು. ವೃತ್ತಿಪರ ಫುಟ್‌ಬಾಲಿನ ಅತಿ ದೊಡ್ಡ ಟ್ರೋಫಿಗೆ ಯಾರ ಹೆಸರಿದೆಯೋ ಆ ವಿನ್ಸ್ ಲೊಂಬಾರ್ಡಿ, ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಆಡಿ ಮುಗಿಸಿದ ಮೇಲೆ, 1939ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನ ಸೇಂಟ್ ಸಿಸೀಲಿಯಾ ಹೈಸ್ಕೂಲಿಗೆ ಸೇರಿದರು. ಅಲ್ಲಿ ಅವರು ತಂಡಕ್ಕೆ ತರಬೇತಿ ಕೊಡುವುದರ ಜೊತೆಗೆ ಲ್ಯಾಟಿನ್, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ತರಗತಿಯಲ್ಲಿ ಕಲಿಸುತ್ತಿದ್ದರು, ಹೀಗೆ ಎಂಟು ವರ್ಷ. ಗ್ರೀನ್ ಬೇ ತಂಡದ ಮುಖ್ಯ ತರಬೇತುದಾರರಾದಾಗ ಅವರ ವಯಸ್ಸು 45. ಇಂದಿಗೂ ಅಮೆರಿಕದ ಹೈಸ್ಕೂಲುಗಳಲ್ಲಿ ತರಬೇತುದಾರರಾಗಿರುವ ಬಹಳ ಮಂದಿ ಅದೇ ಶಾಲೆಯಲ್ಲಿ ಗಣಿತವನ್ನೋ ಇತಿಹಾಸವನ್ನೋ ಕಲಿಸುವ ಮೇಷ್ಟ್ರುಗಳು, ಸಂಬಳ ಬರುವುದು ಮುಖ್ಯವಾಗಿ ಆ ಪಾಠಕ್ಕೆ. ಆದುದರಿಂದ ಕಾಲೇಜಿನಲ್ಲಿ ಯಾವ ವಿಷಯ ಕಲಿಸಲು ಅರ್ಹತೆ ಪಡೆಯಬೇಕೆಂದಿದ್ದೀಯೆ ಎಂದು ಮಗನನ್ನು ಕೇಳಿ. ಅವನು ಉತ್ತರಿಸುವಾಗ ತಂದೆಯವರೂ ಪಕ್ಕದಲ್ಲಿ ಕುಳಿತಿರಲಿ.