ಕಣ್ಣಾಸ್ಪತ್ರೆಗೆ ಸಂಶೋಧನೆ, ತರಬೇತಿ ಏಕೆ?

ಪ್ರಶ್ನೆ: ತಾಯಿಯವರ ಚಿಕಿತ್ಸೆಗಾಗಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಹೋಗಿದ್ದೆ. ಸಂಶೋಧನೆ ಮತ್ತು ತರಬೇತಿ ಕೂಡ ಅದರ ಗುರಿಗಳೆಂದು ಅಲ್ಲಿ ತಿಳಿಯಿತು. ದೃಷ್ಟಿ ಇಲ್ಲದೆ ಬಳಲುವವರು ಇಷ್ಟೊಂದು ಮಂದಿ ಇರುವಾಗ ಆ ಹಣವನ್ನೆಲ್ಲ ಶಸ್ತ್ರಚಿಕಿತ್ಸೆಗೇ ವಿನಿಯೋಗಿಸಬಾರದೇಕೆ?
– ಓದುಗರು, ಬೀದರ್

ಉತ್ತರ: ಶಸ್ತ್ರಚಿಕಿತ್ಸೆಯನ್ನಷ್ಟೇ ಮಾಡುವ ಆಸ್ಪತ್ರೆಗೆ ತನ್ನ ಬಾಗಿಲಿಗೆ ಬಂದವರು ಮಾತ್ರ ಕಾಣುತ್ತಾರೆ; ಬಾರದೆ ಉಳಿದವರು ಯಾರು, ಏಕೆ ಬರಲಿಲ್ಲ ಎಂಬುದು ತಿಳಿಯುವುದಿಲ್ಲ. ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರು 1987ರಲ್ಲಿ ಆರಂಭಿಸಿದ ಈ ಸಂಸ್ಥೆಯು 1996ರಿಂದ 2000ದವರೆಗೆ ಅಂದಿನ ಆಂಧ್ರಪ್ರದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣುಗಳನ್ನು ಪರೀಕ್ಷಿಸಿ ಸಮೀಕ್ಷೆ ನಡೆಸಿತು. ಅಂಧತ್ವದ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಕಣ್ಣಿನ ಪೊರೆ ಮತ್ತು ಸಕಾಲದಲ್ಲಿ ಕನ್ನಡಕ ಸಿಗದ ದೃಷ್ಟಿದೋಷವೇ ಕಾರಣವೆಂದು ಅದರಿಂದ ಗೊತ್ತಾಯಿತು. ಸರಿಯಾದ ಒಂದು ಕನ್ನಡಕವಿಲ್ಲದೆ ಮನುಷ್ಯರು ಕುರುಡರಾಗಿ ಬದುಕುತ್ತಿದ್ದರೆಂಬುದು ನನ್ನನ್ನು ಇಂದಿಗೂ ಕಲಕುವ ಸಂಗತಿ.

ಇದಕ್ಕೆ ನಗರದಲ್ಲಿ ಇನ್ನಷ್ಟು ಮಹಡಿಗಳನ್ನು ಕಟ್ಟಿದರೆ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಸಂಸ್ಥೆಯು ಸುಮಾರು 50,000 ಜನರಿಗೊಂದು ಪ್ರಾಥಮಿಕ ದೃಷ್ಟಿ ಕೇಂದ್ರ, ಅವುಗಳ ಮೇಲೆ ಐದು ಲಕ್ಷ ಜನರಿಗೊಂದು ಗ್ರಾಮೀಣ ಆಸ್ಪತ್ರೆ ಎಂಬ ವ್ಯವಸ್ಥೆಯನ್ನು ರೂಪಿಸಿತು. ಇಂಥ ಮೊದಲ ಗ್ರಾಮೀಣ ಆಸ್ಪತ್ರೆ ಸಮೀಕ್ಷೆ ಆರಂಭವಾದ 1996ರಲ್ಲೇ ತೆರೆದದ್ದು ಮುಧೋಲಿನಲ್ಲಿ (ನಮ್ಮ ಬಾಗಲಕೋಟೆಯ ಮುಧೋಳವಲ್ಲ, ಆದಿಲಾಬಾದ್ ಕಡೆಯದು). ದೃಷ್ಟಿ ಕೇಂದ್ರದಲ್ಲಿ ಕುಳಿತು ಕನ್ನಡಕದ ನಂಬರ್ ನೋಡುವವರು, ಪೊರೆ ಬಂದಿರುವುದನ್ನು ಗುರುತಿಸಿ ದೊಡ್ಡಾಸ್ಪತ್ರೆಗೆ ಕಳಿಸುವವರು ಒಂದು ವರ್ಷದ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು. ತರಬೇತಿಯನ್ನು ಕೈಬಿಟ್ಟರೆ ಆ ಕೇಂದ್ರಗಳ ಬಾಗಿಲು ತೆರೆಯುವವರೇ ಇರುವುದಿಲ್ಲ.

ಚಿಕಿತ್ಸಾ ವಿಧಾನಗಳ ಸಂಶೋಧನೆಗೂ ಒಂದು ಉದಾಹರಣೆ ಕೊಡುತ್ತೇನೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಆಟಕ್ಕೆಂದು ಹಿಸುಕಿದಾಗ ಅದು ಸಿಡಿದು ಕಣ್ಣಿಗೆ ಬೀಳುವುದುಂಟು. ಆಗ ಕಪ್ಪುಗುಡ್ಡೆಯ ಅಂಚಿನ ಕಾಂಡಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು) ಸುಟ್ಟುಹೋಗಿ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲೆ ರಕ್ತನಾಳಗಳು ಹಬ್ಬುತ್ತವೆ. ಈ ಸ್ಥಿತಿಯಲ್ಲಿ ದಾನಿಯ ಕಾರ್ನಿಯಾ ಕಸಿ ಮಾಡಿದರೂ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆಗ ಈ ಸಂಸ್ಥೆಯಲ್ಲಿದ್ದ ಡಾ. ವೀರೇಂದ್ರ ಸಾಂಗ್ವಾನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ರೋಗಿಯ ಇನ್ನೊಂದು ಆರೋಗ್ಯವಂತ ಕಣ್ಣಿನ ಅಂಚಿನಿಂದ ಸುಮಾರು ಎರಡು ಮಿಲಿಮೀಟರಿನ ಚೂರನ್ನು ತೆಗೆದು, ಅದನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಕೆಟ್ಟ ಕಣ್ಣಿನ ಮೇಲೆ ಹೊದಿಸಿದ ಆಮ್ನಿಯಾಟಿಕ್ ಪೊರೆಗೆ (ಗರ್ಭದಲ್ಲಿ ಶಿಶುವನ್ನು ಸುತ್ತಿರುವ ಚೀಲದ ತೆಳು ಪದರ) ಅಂಟಿಸುತ್ತಾರೆ. ಅವು ಅಲ್ಲೇ ಬೆಳೆದು ಹರಡಿಕೊಳ್ಳುತ್ತವೆ. ಮೊದಲಿನಂತೆ ಕೋಶಗಳನ್ನು ದುಬಾರಿ ಪ್ರಯೋಗಾಲಯದಲ್ಲಿ ಬೆಳೆಸಬೇಕಾದ ಅಗತ್ಯವಿಲ್ಲದ್ದರಿಂದ, ಬೇರೆ ಊರಿನ ವೈದ್ಯರೂ ಇದನ್ನು ಕಲಿತು ಮಾಡಬಹುದು.

ಕಲಿಯುತ್ತಿರುವ ಕಿರಿಯ ವೈದ್ಯರು ನಿಮ್ಮ ತಾಯಿಯವರನ್ನು ಪರೀಕ್ಷಿಸಿದರೆ ಅಂಜಬೇಕಿಲ್ಲ. ಆದರೆ ಅವರ ಮೇಲ್ವಿಚಾರಣೆ ಮಾಡುವ ಹಿರಿಯ ವೈದ್ಯರು ಯಾರೆಂದು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ; ಸಂಕೋಚವಿಲ್ಲದೆ ಕೇಳಿ.