ಸಾಕಿ ಬಿಟ್ಟ ಫೆಸೆಂಟ್ ಮರಿಗಳನ್ನು ಗಿಡುಗ ಹಿಡಿದರೆ ಗುಂಡು ಹೊಡೆಯಬಹುದಾ?

ಇಂಗ್ಲೆಂಡಿನಲ್ಲಿ ಬೇಟೆಗೆಂದೇ ಫೆಸೆಂಟ್ ಕೋಳಿ ಸಾಕಿ ಕಾಡಿಗೆ ಬಿಡ್ತಾರಂತೆ, ಅವನ್ನು ತಿನ್ನೋ ಗಿಡುಗಗಳನ್ನು ಅಲ್ಲಿನ ಗೇಮ್‌ಕೀಪರ್‌ಗಳು (ಬೇಟೆಯ ಹಕ್ಕಿಗಳನ್ನು ನೋಡಿಕೊಳ್ಳುವವರು) ಕೊಲ್ಲಬಹುದಾ ಅಂತ ಕೇಳಿದ್ದೀರಿ. ಲೈಸೆನ್ಸ್ ಇಲ್ಲದೆ ಹಾಗೆ ಕೊಲ್ಲುವಂತಿಲ್ಲ. 1981ರ ವನ್ಯಜೀವಿ ಕಾನೂನಿನಲ್ಲಿ ಅದು ಅಪರಾಧ, ಜೈಲೂ ಆಗಬಹುದು. ನಾನಿರುವುದು ಡೆವನ್‌ನ ಒಂದು ಹಳ್ಳಿಯಲ್ಲಿ. ಆರು ವರ್ಷದಿಂದ ಬೇಸಿಗೆಯಲ್ಲಿ ಪಕ್ಕದ ಎಸ್ಟೇಟಿನ ಕೀಪರ್ ಜೊತೆ ಕೆಲಸ ಮಾಡುತ್ತಿದ್ದೇನೆ. ನೋಡಿದ್ದನ್ನು ಹೇಳ್ತೀನಿ.

ಆರೇಳು ವಾರದ ಮರಿಗಳನ್ನು ಜುಲೈ, ಆಗಸ್ಟ್‌ನಲ್ಲಿ ಕಾಡಿನೊಳಗಿನ ದೊಡ್ಡ ಪೆನ್‌ಗೆ, ಅಂದರೆ ಬೇಲಿ ಹಾಕಿದ ಆವರಣಕ್ಕೆ, ಬಿಡ್ತಾರೆ. ಸುತ್ತ ಆಳೆತ್ತರದ ತಂತಿ ಬಲೆ, ಹೊರಗಡೆ ನರಿ ಬರದ ಹಾಗೆ ಕರೆಂಟ್ ತಂತಿ. ಮೇಲೆ ಮಾತ್ರ ಬಯಲು, ಯಾಕೆಂದರೆ ಮರಿಗಳು ಹಾರಲು ಕಲಿತು ತಾವಾಗಿಯೇ ಹೊರಗೆ ಹೋಗಬೇಕು. ಬಜರ್ಡ್ ಎಂಬ ಗಿಡುಗ ಒಳಗೆ ಇಳಿಯುವುದೂ ಅಲ್ಲಿಂದಲೇ. ಮೊದಲ ಕೆಲವು ರಾತ್ರಿ ಮರಿಗಳಿಗೆ ಮರ ಹತ್ತಿ ಕೂರುವುದು ಗೊತ್ತಿರುವುದಿಲ್ಲ, ನೆಲದಲ್ಲೇ ಮಲಗುತ್ತವೆ. ಆಗ ಗೂಬೆಯ ಕಾಟ.

ಎರಡನೇ ವರ್ಷ ಒಂದು ಬೆಳಿಗ್ಗೆ ಪೆನ್ನಿನ ಮೂಲೆಯಲ್ಲಿ ಒಂಬತ್ತು ಮರಿ ಸತ್ತು ಬಿದ್ದಿದ್ದವು. ಒಂದರ ಮೇಲೆ ಬಜರ್ಡ್ ಕೂತು ಎದೆಯ ಮಾಂಸ ಕೀಳುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕೀಪರ್ ಮಾತನಾಡದೆ ಚಾಕು ತೆಗೆದು ಒಂದೊಂದೇ ಮರಿಯ ಚರ್ಮ ಬಿಡಿಸಿದರು. ಜೀವ ಇದ್ದಾಗ ಉಗುರು ನಾಟಿದ್ದರೆ ಚರ್ಮದಡಿ ರಕ್ತ ಹೆಪ್ಪುಗಟ್ಟಿರುತ್ತದೆ. ಒಂದರಲ್ಲೂ ಆ ಕಲೆ ಇರಲಿಲ್ಲ. ರಾತ್ರಿಯ ಮಳೆಗೆ ನೆಂದು, ಚಳಿ ತಾಳಲಾರದೆ ಒಂದರ ಮೇಲೊಂದು ಒತ್ತಿಕೊಂಡು ಉಸಿರುಗಟ್ಟಿ ಸತ್ತಿದ್ದವು. ಗಿಡುಗ ಬಂದಿದ್ದು ಆಮೇಲೆ. ಅವತ್ತೇ ಪೆನ್ನಿನ ಮೂಲೆಗಳನ್ನೆಲ್ಲ ದುಂಡಗೆ ಮಾಡಿದೆವು.

ಗರಿ ನೋಡುವುದನ್ನೂ ಅವರೇ ಕಲಿಸಿದರು. ನರಿ ತಿಂದಿದ್ದರೆ ಗರಿಯ ದಂಟು ಹಲ್ಲಿನಿಂದ ಕತ್ತರಿಸಿದ ಹಾಗಿರುತ್ತದೆ. ಗಿಡುಗ ಆದರೆ ಬುಡಸಮೇತ ಕಿತ್ತಿರುತ್ತದೆ.

ಹಾಗಂತ ಬಜರ್ಡ್ ಮರಿ ಹಿಡಿಯುವುದೇ ಇಲ್ಲ ಅಂತಲ್ಲ. ಹಿಡಿಯುತ್ತದೆ, ಕೆಲವು ಪೆನ್‌ಗಳಲ್ಲಿ ಜಾಸ್ತಿಯೇ. ಅದಕ್ಕೆ ನನಗೆ ಕಂಡ ಒಳ್ಳೆ ಉಪಾಯ ಪೊದೆ. ನಮ್ಮೂರಲ್ಲಿ ಗಿಡುಗದ ನೆರಳು ಬಿದ್ದರೆ ಕೋಳಿಮರಿಗಳು ಬೇಲಿಯ ಲಂಟಾನದೊಳಗೆ ನುಗ್ಗುತ್ತಿದ್ದವಲ್ವಾ, ಹಾಗೇ ಇಲ್ಲೂ. ಮುಳ್ಳುಪೊದೆ ಬೆಳೆಯಲು ಬಿಡಬೇಕು, ಕಡಿದ ಕೊಂಬೆಗಳನ್ನು ಅಲ್ಲಲ್ಲಿ ರಾಶಿ ಹಾಕಬೇಕು. ಹಳೆ ಸಿಡಿ ನೇತುಹಾಕುವುದು, ರೇಡಿಯೋ ಇಡುವುದು ಕೆಲವು ದಿನಕ್ಕೆ ಸರಿ, ಆಮೇಲೆ ಹಕ್ಕಿಗೆ ಅಭ್ಯಾಸ ಆಗಿಬಿಡುತ್ತದೆ.

ಇದ್ಯಾವುದೂ ಆಗದಿದ್ದರೆ ಕೊಲ್ಲಲು ಲೈಸೆನ್ಸ್ ಕೇಳಬಹುದು. ನಷ್ಟ ದೊಡ್ಡದು, ಬೇರೆ ದಾರಿ ಕೆಲಸ ಮಾಡಲಿಲ್ಲ ಅಂತ ತೋರಿಸಬೇಕು. ಲೈಸೆನ್ಸ್ ನಿರಾಕರಿಸಿದ ಒಂದು ಪ್ರಕರಣ 2015ರಲ್ಲಿ ಹೈಕೋರ್ಟಿಗೇ ಹೋಯಿತು. 2016ರಲ್ಲಿ ಈ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್ 10 ಬಜರ್ಡ್‌ಗಳವರೆಗೆ ಕೊಲ್ಲಲು ಅನುಮತಿ ಕೊಟ್ಟಾಗ ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ಗುಂಡಿಗೆ, ವಿಷಕ್ಕೆ ಸಿಕ್ಕಿ ಎಷ್ಟೋ ಕಡೆ ಇಲ್ಲವಾಗಿದ್ದ ಹಕ್ಕಿ ಅದು, ಎಷ್ಟೋ ವರ್ಷಕ್ಕೆ ಮತ್ತೆ ಬಂದಿದೆ. ವರ್ಷಕ್ಕೆ ಕೋಟಿಗಟ್ಟಲೆ ಫೆಸೆಂಟ್ ತಂದು ಬಿಡುವವರು ನಾವು. ಹಾಗಾಗಿ ಮೊದಲು ನಮ್ಮ ಪೆನ್ ಸರಿ ಮಾಡಿಕೊಳ್ಳಬೇಕು ಅಂತಲೇ ನನ್ನ ಅಭಿಪ್ರಾಯ.

ನೀವೇನಾದರೂ ಈ ಕೆಲಸಕ್ಕೆ ಸೇರುವುದಾದರೆ, ದಿನಾ ಬೆಳಿಗ್ಗೆ ಮೇವು ಹಾಕುವ ಮೊದಲೇ ಪೆನ್ ಪೂರ್ತಿ ಒಂದು ಸುತ್ತು ಹಾಕಿ, ಸತ್ತ ಮರಿ ಎಷ್ಟಿದ್ದರೂ ತೆಗೆದುಬಿಡಿ. ಗಿಡುಗಕ್ಕೆ ಜಾಗ ರುಚಿಸುವುದು ಅಲ್ಲಿಂದಲೇ.