ಟೆಕ್ಸಾಸ್‌ನಲ್ಲೇ ಇರುವುದೋ, ಗಂಟುಮೂಟೆ ಕಟ್ಟುವುದೋ?

ಅಮೆರಿಕದಲ್ಲಿರುವ ಓದುಗರ ಪತ್ರಗಳಲ್ಲಿ ಒಂದೇ ಚಿಂತೆ ನಾನಾ ರೂಪದಲ್ಲಿ ಬರುತ್ತಿದೆ. ಸಂಪ್ರದಾಯವಾದಿ ರಾಜಕೀಯದ ರಾಜ್ಯಗಳಲ್ಲಿ ಒಂದಾದ ಮೇಲೊಂದು ಬರುತ್ತಿರುವ ಕಾನೂನುಗಳು ಮನೆಯೊಳಗೇ ಕಾಲಿಟ್ಟಿವೆ, ಇನ್ನೂ ಇಲ್ಲಿರಬೇಕೆ ಎಂಬುದು ಆ ಚಿಂತೆ. ಹೆಚ್ಚಿನ ಪತ್ರಗಳು ಟೆಕ್ಸಾಸ್‌ನಿಂದಲೇ ಬಂದಿವೆ. ವೀಸಾ, ತೆರಿಗೆ, ಆರೋಗ್ಯ ವಿಮೆ, ಶಾಲೆ ಈ ವಿಷಯಗಳನ್ನು ಬಲ್ಲ ನಮ್ಮ ಬಳಗ ಸೇರಿ ಉತ್ತರಿಸಿದೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿದ್ದೇವೆ. ನನಗೆ 34. ಒಂದು ಮಗುವಿದೆ, ಆಮೇಲಿನ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಮತ್ತೆ ಪ್ರಯತ್ನಿಸುವ ಆಸೆ ಇದ್ದರೂ ಇಲ್ಲಿನ ಗರ್ಭಪಾತ ಕಾನೂನು ನೆನೆದರೆ ಎದೆ ಝಲ್ಲೆನ್ನುತ್ತದೆ. ನಮ್ಮ ಯಜಮಾನರದು ಎಚ್‌-1ಬಿ ಕೆಲಸದ ವೀಸಾ, ಗ್ರೀನ್‌ಕಾರ್ಡ್‌ಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿ ಎರಡು ವರ್ಷವಾಯಿತು. 2021ರಲ್ಲಿ ಶೇ 3ರ ಬಡ್ಡಿಗೆ ಸಾಲ ಮಾಡಿ ಮನೆ ಕೊಂಡೆವು. ಅವರ ಕಂಪನಿಗೆ ಶಿಕಾಗೋ ಮತ್ತು ಡೆನ್ವರ್‌ನಲ್ಲಿ ಆಫೀಸಿದೆ. ‘ರಾಜಕೀಯಕ್ಕೆಲ್ಲ ಯಾರಾದರೂ ಮನೆ ಬಿಡ್ತಾರಾ’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ: ಇದು ಯಾವ ಪಕ್ಷಕ್ಕೆ ಓಟು ಹಾಕಬೇಕು ಎಂಬ ಪ್ರಶ್ನೆಯಲ್ಲ, 20ನೇ ವಾರದಲ್ಲಿ ನಿಮ್ಮ ಡಾಕ್ಟರ್ ಕೈಯಲ್ಲಿ ಏನು ಸಾಧ್ಯ ಎಂಬ ಪ್ರಶ್ನೆ.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ರಕ್ಷಣೆಯನ್ನು ತೆಗೆದುಹಾಕಿತು. ಅದೇ ಆಗಸ್ಟ್ 25ರಿಂದ ಟೆಕ್ಸಾಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ ಜಾರಿಯಲ್ಲಿದೆ. ತಾಯಿಯ ಜೀವಕ್ಕೆ ಅಪಾಯವಿದ್ದರೆ ಅಥವಾ ಮುಖ್ಯ ಅಂಗದ ಕೆಲಸಕ್ಕೆ ಗಂಭೀರ ಧಕ್ಕೆಯಾಗುವಂತಿದ್ದರೆ ಮಾತ್ರ ವಿನಾಯಿತಿ. ಅತ್ಯಾಚಾರಕ್ಕಾಗಲಿ, ಭ್ರೂಣದ ಮಾರಕ ದೋಷಕ್ಕಾಗಲಿ ವಿನಾಯಿತಿ ಇಲ್ಲ. ಶಿಕ್ಷೆ ಹೆಂಗಸಿಗಲ್ಲ, ಡಾಕ್ಟರಿಗೆ: ಜೀವಾವಧಿಯವರೆಗೆ ಜೈಲು, ಕನಿಷ್ಠ ಒಂದು ಲಕ್ಷ ಡಾಲರ್ ದಂಡ, ಲೈಸೆನ್ಸ್ ರದ್ದು. ತೊಂದರೆ ಹುಟ್ಟುವುದೇ ಇಲ್ಲಿ. ಗರ್ಭನಾಳದಲ್ಲಿ ನಿಂತ ಬಸಿರಿಗೆ ಅಥವಾ ಭ್ರೂಣದ ಮಿಡಿತ ನಿಂತ ಮೇಲಿನ ಚಿಕಿತ್ಸೆಗೆ ಕಾನೂನಿನ ಅಡ್ಡಿಯಿಲ್ಲ. ಆದರೆ 16–20ನೇ ವಾರದಲ್ಲಿ ನೀರು ಒಡೆದು, ಮಿಡಿತ ಇನ್ನೂ ಇರುವಾಗ, ಸೋಂಕು ಏರುವವರೆಗೆ ಕಾಯುವ ಸ್ಥಿತಿ ಹಲವು ಆಸ್ಪತ್ರೆಗಳಲ್ಲಿ ಬಂದಿತ್ತು. ಅಪಾಯ ತೀರಾ ತಲೆಯ ಮೇಲೆ ಬರುವತನಕ ಕಾಯಬೇಕಿಲ್ಲ ಎಂದು 2025ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಇದರಿಂದ ತುಸು ನಿರಾಳವಾಗಿದೆ, ಭ್ರೂಣ ದೋಷದ ವಿಷಯದಲ್ಲಿ ಮಾತ್ರ ಏನೂ ಬದಲಾಗಿಲ್ಲ.

ಇಲ್ಲೇ ಇದ್ದು ಬಸಿರಾಗುವುದಾದರೆ ವಾರಗಳ ಲೆಕ್ಕ ಮುಖ್ಯ. ರಕ್ತದ ವಂಶವಾಹಿ ತಪಾಸಣೆಯನ್ನು 10ನೇ ವಾರ ತುಂಬಿದ ಕೂಡಲೇ ಮಾಡಿಸಿ. ಅದರಲ್ಲಿ ಅನುಮಾನ ಬಂದರೆ 10–13ನೇ ವಾರದಲ್ಲಿ ಮಾಸುವಿನ ಚೂರು ತೆಗೆದು ನೋಡುವ ಪರೀಕ್ಷೆಯಿದೆ, ಗರ್ಭದ ನೀರಿನ ಪರೀಕ್ಷೆ ಸಾಮಾನ್ಯವಾಗಿ 15ನೇ ವಾರದ ನಂತರ. ಅಂಗಾಂಗಗಳ ದೊಡ್ಡ ಸ್ಕ್ಯಾನ್‌ಗೆ ಹೆಚ್ಚಿನ ಕಡೆ 20ನೇ ವಾರಕ್ಕೆ ದಿನ ಕೊಡುತ್ತಾರೆ. ಅದರಲ್ಲಿ ದೋಷ ಕಂಡು, ನೀರಿನ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವ ಹೊತ್ತಿಗೆ 22 ವಾರ ದಾಟಿರುತ್ತದೆ. ಕಾನ್ಸಾಸ್‌ನ ವಿಚಿಟಾ ನಿಮಗೆ ಸುಮಾರು 360 ಮೈಲಿ, ಆದರೆ ಗರ್ಭಪಾತಕ್ಕೆ ಅಲ್ಲಿನ ಮಿತಿಯೇ 22 ವಾರ. ವಾರದ ಮಿತಿ ಇಲ್ಲದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಸುಮಾರು 650 ಮೈಲಿ. ಆದ್ದರಿಂದ ಹಿಂದಿನ ಬಸಿರಿನ ಕಾರಣ ಹೇಳಿ, 16ನೇ ವಾರಕ್ಕೇ ಒಂದು ವಿವರವಾದ ಸ್ಕ್ಯಾನ್ ಕೇಳಿ.

ಇದಕ್ಕೂ ಮೊದಲು ಕಂಪನಿಯ ಎಚ್‌ಆರ್‌ಗೆ ಒಂದು ಇಮೇಲ್ ಹಾಕಿಸಿ, ವಿಮೆಯ ಹಣವನ್ನು ಕಂಪನಿಯೇ ಭರಿಸುತ್ತದೆಯೋ, ವಿಮಾ ಕಂಪನಿ ಭರಿಸುತ್ತದೆಯೋ ಎಂದು ಕೇಳಿ. ಕಂಪನಿಯೇ ಭರಿಸುವ ಪ್ಲಾನ್ ಫೆಡರಲ್ ಕಾನೂನಿನಡಿ ಬರುತ್ತದೆ, ಹೊರರಾಜ್ಯದ ಚಿಕಿತ್ಸೆ, ಪ್ರಯಾಣದ ಖರ್ಚು ಕೊಡಬಹುದು. ವಿಮಾ ಕಂಪನಿ ಭರಿಸುವ, ಟೆಕ್ಸಾಸ್ ನಿಯಂತ್ರಣದ ಪ್ಲಾನ್‌ನಲ್ಲಿ ಗರ್ಭಪಾತಕ್ಕೆ ರಕ್ಷಣೆ ಸೇರಿರುವುದಿಲ್ಲ.

ಹೋಗುವುದಾದರೆ ವೀಸಾ ನಿಮ್ಮ ಪರವಾಗಿಯೇ ಇದೆ. ಐ-140 ಮಂಜೂರಾಗಿ 180 ದಿನ ದಾಟಿರುವುದರಿಂದ ನಾಳೆ ಕಂಪನಿ ಅದನ್ನು ಹಿಂತೆಗೆದರೂ ಗ್ರೀನ್‌ಕಾರ್ಡ್ ಸಾಲಿನ ಸರದಿ ದಿನಾಂಕ ನಿಮ್ಮದೇ. ಡೆನ್ವರ್‌ಗೆ ವರ್ಗವಾದರೆ ಸಾಮಾನ್ಯವಾಗಿ ಹೊಸ ಪರ್ಮ್ (ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂದು ತೋರಿಸಿ ಕಂಪನಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಅನುಮತಿ), ಹೊಸ ಐ-140 ಬೇಕಾಗುತ್ತದೆ, ಒಂದೂವರೆ–ಎರಡು ವರ್ಷ ಹಿಡಿಯುತ್ತದೆ, ಆದರೆ ಹಳೆಯ ಸರದಿಯೇ ಮುಂದುವರಿಯುತ್ತದೆ. (ಐ-140 ಮಂಜೂರಾಗದೆ ಪರ್ಮ್ ಹಂತದಲ್ಲೇ ಇರುವ ಓದುಗರು ಊರು ಬದಲಿಸಬೇಡಿ. ಆ ಅರ್ಜಿ ಆ ಊರಿನ ಕೆಲಸಕ್ಕೆ ಅಂಟಿಕೊಂಡದ್ದು, ಮತ್ತೆ ಮೊದಲಿನಿಂದ ಶುರು ಮಾಡಬೇಕಾದೀತು.) ಎಚ್‌-1ಬಿ ವಿಷಯದಲ್ಲಿ ಕ್ರಮ ತಪ್ಪಬಾರದು: ಮೊದಲು ಹೊಸ ಊರಿನ ಎಲ್‌ಸಿಎ (ಅಲ್ಲಿನ ಮಟ್ಟದ ವೇತನ ಕೊಡುವುದಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿ), ಆಮೇಲೆ ತಿದ್ದುಪಡಿ ಅರ್ಜಿ ಸಲ್ಲಿಕೆ, ಅದಾದ ಮೇಲೆಯೇ ಅಲ್ಲಿ ಕೆಲಸ. ‘ಮನೆಯಿಂದಲೇ ತಾನೆ ಕೆಲಸ’ ಎಂದು ಮೊದಲೇ ಹೋಗಿ ಕೂತವರಿಗೆ ಮುಂದಿನ ವಿಸ್ತರಣೆಯಲ್ಲಿ ಪ್ರಶ್ನೆ ಬರುತ್ತದೆ. ಹೋದ 10 ದಿನದೊಳಗೆ ಮನೆಯ ಪ್ರತಿಯೊಬ್ಬರೂ ಎಆರ್-11 ನಮೂನೆ ತುಂಬಿ ವಲಸೆ ಇಲಾಖೆಗೆ ವಿಳಾಸ ತಿಳಿಸಬೇಕು.

ಮನೆ ಮಾರಲು ಅವಸರ ಬೇಡ. 4 ಲಕ್ಷ ಡಾಲರ್ ಸಾಲಕ್ಕೆ 30 ವರ್ಷದ ಕಂತು ಶೇ 3ರಲ್ಲಿ ತಿಂಗಳಿಗೆ 1,686 ಡಾಲರ್, ಹೊಸ ಸಾಲ ಶೇ 6.5ರಲ್ಲಾದರೆ 2,528. ಈ ಮನೆಯನ್ನು ಬಾಡಿಗೆಗೆ ಕೊಟ್ಟು, ಹೊಸ ಊರಲ್ಲಿ ಒಂದು ವರ್ಷ ಬಾಡಿಗೆಗೆ ಇರಿ. ಕೊನೆಯ 5 ವರ್ಷದಲ್ಲಿ 2 ವರ್ಷ ವಾಸವಿದ್ದ ಸ್ವಂತ ಮನೆ ಮಾರಿದರೆ ದಂಪತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಅಂದರೆ ಬಿಟ್ಟುಹೋದ ಮೇಲೆ ಮೂರು ವರ್ಷದ ಸಮಯವಿದೆ. ಬಾಡಿಗೆ ಕಾಲದಲ್ಲಿ ಆದಾಯದಿಂದ ಕಳೆದು ತೋರಿಸುವ ಮನೆಯ ಸವಕಳಿಗೆ ಮಾತ್ರ ತೆರಿಗೆ ಬರುತ್ತದೆ. ಜನ ಮರೆಯುವುದು ಎರಡು. ಒಂದು, ವಿಮೆಯನ್ನು ಬಾಡಿಗೆ ಮನೆಯ ಪಾಲಿಸಿಗೆ ಬದಲಿಸುವುದು. ಬದಲಿಸದಿದ್ದರೆ ಆಲಿಕಲ್ಲು ಬಿದ್ದು ಚಾವಣಿ ಹೋದಾಗ ಕ್ಲೇಮ್ ತಿರಸ್ಕಾರವಾಗಬಹುದು. ಇನ್ನೊಂದು, ವಾಸದ ಮನೆಗಿರುವ ಆಸ್ತಿ ತೆರಿಗೆ ವಿನಾಯಿತಿ ಮತ್ತು ಮೌಲ್ಯ ವರ್ಷಕ್ಕೆ ಶೇ 10ಕ್ಕಿಂತ ಏರಬಾರದೆಂಬ ಮಿತಿ, ಎರಡೂ ಹೋಗುತ್ತವೆ. ಬಾಡಿಗೆ ನಿಗದಿ ಮಾಡುವಾಗ ಇದನ್ನು ಸೇರಿಸಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾವು ಹೊರಡಿ ಎಂದೇ ಹೇಳುತ್ತೇವೆ, ಅದೂ ಬಸಿರಿಗೆ ಮೊದಲೇ, ಶಿಕಾಗೋಗಿಂತ ಡೆನ್ವರ್‌ಗೆ. ಡೆನ್ವರ್ ಇರುವ ಕೊಲೊರಾಡೋದಲ್ಲಿ ಗರ್ಭಪಾತಕ್ಕೆ ವಾರದ ಮಿತಿ ಇಲ್ಲ. ನೀವೂ ದುಡಿಯುತ್ತಿದ್ದರೆ 2024ರಿಂದ ಅಲ್ಲಿ 12 ವಾರ ವೇತನಸಹಿತ ಕುಟುಂಬ ರಜೆಯಿದೆ, ಶಿಕಾಗೋ ಇರುವ ಇಲಿನಾಯ್‌ನಲ್ಲಿ ಅಂಥ ರಾಜ್ಯ ಯೋಜನೆ ಇಲ್ಲ. ಯಜಮಾನರು ಕಂಪನಿ ಬದಲಿಸದೆ ಒಳಗೇ ವರ್ಗ ಪಡೆಯುವುದು ಮೇಲು. ಕಂಪನಿ ಬದಲಾದರೆ ಫೆಡರಲ್ ಕುಟುಂಬ ರಜೆಗೆ ಬೇಕಾದ 12 ತಿಂಗಳ, 1,250 ಗಂಟೆಗಳ ಸೇವೆ ಸೊನ್ನೆಯಿಂದ ಶುರುವಾಗುತ್ತದೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಬಿಟ್ಟು ಹೋದರೆ ಎಷ್ಟು ಹೊರೆ ಬಿದ್ದೀತು?

ಉತ್ತರ: ಆದಾಯ ತೆರಿಗೆಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. 1.5 ಲಕ್ಷ ಡಾಲರ್ ದುಡಿಯುವ ದಂಪತಿ, 5 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಪ್ಲೇನೋದಂಥ ಊರಲ್ಲಿ ವಿನಾಯಿತಿ ಕಳೆದು ಆಸ್ತಿ ತೆರಿಗೆ ಆರೇಳು ಸಾವಿರ. ಡೆನ್ವರ್‌ನಲ್ಲಿ ಅದೇ ಬೆಲೆಯ ಮನೆಗೆ ಎರಡೂವರೆ–ಮೂರು ಸಾವಿರ, ಜೊತೆಗೆ ರಾಜ್ಯದ ಆದಾಯ ತೆರಿಗೆ ಸುಮಾರು ಐದು ಸಾವಿರ. ಅಂತರ ಅಂದುಕೊಂಡಷ್ಟಿಲ್ಲ (ಅದೇ ಅಳತೆಯ ಮನೆಗೆ ಡೆನ್ವರ್‌ನಲ್ಲಿ ಬೆಲೆ ಹೆಚ್ಚು, ಆ ಮಾತು ಬೇರೆ). ಇಲಿನಾಯ್‌ನಲ್ಲಿ ಎರಡು ಕಡೆಯಿಂದಲೂ ಪೆಟ್ಟು: ಆದಾಯ ತೆರಿಗೆ ಶೇ 4.95ರಂತೆ ಏಳು ಸಾವಿರಕ್ಕೂ ಮೇಲೆ, ಆಸ್ತಿ ತೆರಿಗೆಯಲ್ಲೂ ದೇಶದ ದುಬಾರಿ ರಾಜ್ಯಗಳಲ್ಲೊಂದು. ಮಿನ್ನೆಸೋಟಾದಲ್ಲಿ ಆದಾಯ ತೆರಿಗೆ ಹಂತ ಹಂತವಾಗಿ ಶೇ 9.85ರವರೆಗೆ ಏರುತ್ತದೆ.

ಕಂಪನಿಯ ಷೇರು ಸಿಗುತ್ತಿದ್ದರೆ ಒಂದು ಎಚ್ಚರಿಕೆ. ಟೆಕ್ಸಾಸ್‌ನಲ್ಲಿ ಕೊಟ್ಟ ಷೇರು ಹೋದ ಮೇಲೆ ಕೈಗೆ ಬಂದರೆ ಹೊಸ ರಾಜ್ಯ ಅದರ ಮೇಲೂ ತೆರಿಗೆ ಕೇಳುತ್ತದೆ. ದಿನಾಂಕ ನೋಡಿ ಹೊರಡಿ. ಸಾಗಣೆ ಖರ್ಚೆಂದು ಕಂಪನಿ ಕೊಡುವ ಹಣವೂ 2018ರಿಂದ ತೆರಿಗೆಗೆ ಒಳಪಟ್ಟ ಆದಾಯ. ಹಿರಿಯ ಓದುಗರು ಇನ್ನೊಂದನ್ನು ನೋಡಬೇಕು: ಟೆಕ್ಸಾಸ್‌ನಲ್ಲಿ ಮರಣಾನಂತರದ ಎಸ್ಟೇಟ್ ತೆರಿಗೆ ಇಲ್ಲ, ಇಲಿನಾಯ್‌ನಲ್ಲಿ 40 ಲಕ್ಷ, ಮಿನ್ನೆಸೋಟಾದಲ್ಲಿ 30 ಲಕ್ಷ ಡಾಲರ್ ದಾಟಿದ ಆಸ್ತಿಗೆ ಇದೆ.

ಪ್ರಶ್ನೆ: ಹ್ಯೂಸ್ಟನ್‌ನಿಂದ ಬರೆಯುತ್ತಿದ್ದೇನೆ. ಹುಟ್ಟಿನಿಂದ ಹುಡುಗಿಯೆಂದು ಬೆಳೆಸಿದ ನಮ್ಮ 15ರ ಮಗು, ‘ನಾನು ಹುಡುಗ’ ಎನ್ನುತ್ತಿದೆ. ನಾವು ಒಪ್ಪಿದ್ದೇವೆ. ಹೋಗಲೇಬೇಕೆ?

ಉತ್ತರ: ನೀವು ಒಪ್ಪಿದ್ದೀರಿ ಎಂಬುದೇ ಆ ಮಗುವಿಗೆ ದೊಡ್ಡ ಆಸರೆ. ಇನ್ನು ಮುಂದೆ ‘ಮಗ’ ಎಂದೇ ಬರೆಯುತ್ತೇವೆ.

2023ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 18 ತುಂಬದವರಿಗೆ ಲಿಂಗ ಪರಿವರ್ತನೆಗಾಗಿ ಪ್ರೌಢಾವಸ್ಥೆ ತಡೆಯುವ ಔಷಧ, ಹಾರ್ಮೋನ್, ಶಸ್ತ್ರಚಿಕಿತ್ಸೆ ನಿಷಿದ್ಧ. ಟೆನ್ನೆಸ್ಸಿಯ ಇಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿದದ್ದರಿಂದ ಬೇಗ ಬದಲಾಗುವ ಆಸೆ ಇಟ್ಟುಕೊಳ್ಳಬೇಡಿ. ಆಪ್ತಸಮಾಲೋಚನೆಗೆ ನಿಷೇಧವಿಲ್ಲ. ಶಾಲೆಯ ಮಟ್ಟಿಗೆ 2025ರ ಕಾನೂನು ಇಂಥ ಮಕ್ಕಳ ಕ್ಲಬ್‌ಗಳನ್ನು ತಡೆಯುತ್ತದೆ, ಹೊಸ ಹೆಸರು–ಗುರುತಿಗೆ ಸಿಬ್ಬಂದಿ ನೆರವಾಗುವುದನ್ನೂ ತಡೆಯುತ್ತದೆ. ಮಗ ದಿನದ ಏಳು ಗಂಟೆ ಕಳೆಯುವುದು ಅಲ್ಲೇ ಆದ್ದರಿಂದ ಎಷ್ಟೋ ಕುಟುಂಬಗಳಿಗೆ ಔಷಧಿಗಿಂತ ಇದೇ ಹೆಚ್ಚು ಭಾರ.

ಮಗನಿಗೆ ಈಗ ಔಷಧ ಬೇಕೋ ಬೇಡವೋ ಎಂಬುದನ್ನು ಮೊದಲು ಸಮಾಲೋಚಕರೊಂದಿಗೆ ಕೂತು ತಿಳಿಯಿರಿ. ಬೇಡವಾದರೆ, ಶಾಲೆಯಲ್ಲಿ ಅವನು ನೆಮ್ಮದಿಯಾಗಿದ್ದರೆ, 18ರವರೆಗೆ ಇಲ್ಲೇ ಇರುವ ದಾರಿಯೂ ಇದೆ. ಬೇಕಾದರೆ ಹೊರಡುವ ಮುನ್ನವೇ ಹೊಸ ರಾಜ್ಯದ ಕ್ಲಿನಿಕ್‌ಗೆ ಫೋನ್ ಮಾಡಿ, ಹೊಸ ಕಿರಿಯ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ, ಸರದಿ ಎಷ್ಟು ತಿಂಗಳು ಎಂದು ಕೇಳಿ. ರಾಜ್ಯದ ಕಾನೂನು ಅನುಕೂಲವಾಗಿದ್ದರೂ ಫೆಡರಲ್ ಒತ್ತಡಕ್ಕೆ ಆಸ್ಪತ್ರೆಗಳು ಹಿಂದೆ ಸರಿದಿವೆ. ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆ 2025ರ ಜುಲೈನಲ್ಲಿ ತನ್ನ ಕೇಂದ್ರವನ್ನೇ ಮುಚ್ಚಿತು. ಅಪಾಯಿಂಟ್‌ಮೆಂಟ್ ಕೈಯಲ್ಲಿಲ್ಲದೆ ಮನೆ ಖಾಲಿ ಮಾಡಬೇಡಿ. ಟೆಕ್ಸಾಸ್‌ನಲ್ಲಿ ಕೂತು ಹೊರರಾಜ್ಯದ ಡಾಕ್ಟರನ್ನು ವಿಡಿಯೋದಲ್ಲಿ ನೋಡುವುದು ಪರಿಹಾರವಲ್ಲ, ರೋಗಿ ಎಲ್ಲಿರುತ್ತಾರೋ ಆ ರಾಜ್ಯದ ಲೈಸೆನ್ಸ್ ಬೇಕು. ಇಲ್ಲಿನ ಎಲ್ಲ ವೈದ್ಯಕೀಯ ದಾಖಲೆಗಳ ಪ್ರತಿ ಮೊದಲೇ ಕೈಗೆ ತೆಗೆದುಕೊಳ್ಳಿ. ವಿಚ್ಛೇದನವಾಗಿದ್ದು ಮಗುವಿನ ಪಾಲನೆಯ ಆದೇಶವಿದ್ದರೆ, ಅದರಲ್ಲಿ ಕೌಂಟಿ ಬಿಟ್ಟು ಹೋಗದಂತೆ ನಿರ್ಬಂಧ ಇದೆಯೇ ಎಂದು ವಕೀಲರಿಗೆ ತೋರಿಸದೆ ಹೆಜ್ಜೆ ಇಡಬೇಡಿ.

ಮಗ ತೀರಾ ಕುಗ್ಗಿದ್ದಾನೆ ಅನಿಸಿದರೆ ಮಾನಸಿಕ ಸಂಕಟದ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಇಂಥ ಮಕ್ಕಳಿಗೆಂದೇ ಇರುವ ಟ್ರೆವರ್ ಪ್ರಾಜೆಕ್ಟ್ ಕೂಡ ದಿನದ 24 ಗಂಟೆ ಸಿಗುತ್ತದೆ.

ಪ್ರಶ್ನೆ: ಮಗಳು 10ನೇ ತರಗತಿ ಮುಗಿಸುತ್ತಿದ್ದಾಳೆ. ಈಗಲೇ ಹೋಗುವುದೋ, ಹೈಸ್ಕೂಲು ಮುಗಿದ ಮೇಲೋ?

ಉತ್ತರ: ಅವಳ ಸುರಕ್ಷತೆಯ ಪ್ರಶ್ನೆ ಇಲ್ಲವಾದರೆ ಮುಗಿದ ಮೇಲೆ. ಟೆಕ್ಸಾಸ್ ಹೈಸ್ಕೂಲಿನಲ್ಲಿ ಮೇಲಿನ ಸ್ಥಾನದಲ್ಲಿರುವವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ, ಟೆಕ್ಸಾಸ್ ವಿಶ್ವವಿದ್ಯಾಲಯದ ಯುಟಿ ಆಸ್ಟಿನ್‌ಗೆ 2026ರಿಂದ ಮೇಲಿನ ಶೇ 5. ಈಗ ಹೋದರೆ ಆ ಸ್ಥಾನ ಕೈತಪ್ಪುತ್ತದೆ. ಹೊಸ ಶಾಲೆ ಅಂಕಗಳನ್ನು ಬೇರೆ ತೂಕದಲ್ಲಿ ಲೆಕ್ಕ ಹಾಕುತ್ತದೆ, ಆ ರಾಜ್ಯ ಕಡ್ಡಾಯ ಮಾಡಿದ ವಿಷಯಗಳಿಗಾಗಿ ಅವಳಿಗೆ ಬೇಕಾದ ಎಪಿ (ಕಾಲೇಜು ಮಟ್ಟದ) ತರಗತಿ ಬಿಡಬೇಕಾಗಿ ಬರಬಹುದು. ಹೊಸ ರಾಜ್ಯದಲ್ಲಿ ಸ್ಥಳೀಯರ ಶುಲ್ಕ ಸಿಗಲು ಸಾಮಾನ್ಯವಾಗಿ 12 ತಿಂಗಳ ವಾಸ ಬೇಕು. ಹೊರರಾಜ್ಯದವರ ಶುಲ್ಕ ಎಷ್ಟೋ ಕಡೆ ಅದರ ಮೂರು ಪಟ್ಟು. 12ನೇ ತರಗತಿಯ ನಡುವೆ ಹೋಗುವುದಂತೂ ಬೇಡವೇ ಬೇಡ, ಹಳೆಯ ರಾಜ್ಯದ ಹಕ್ಕು ಸಡಿಲವಾಗಿ ಹೊಸ ರಾಜ್ಯದ್ದು ಇನ್ನೂ ಕೂಡಿರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ 9ನೇ ತರಗತಿ ಶುರುವಾಗುವ ಮುಂಚಿನ ಬೇಸಿಗೆ ಒಳ್ಳೆಯ ಸಮಯ.

ಪ್ರಶ್ನೆ: ನಾವು ಈಗ ಪ್ರಜೆಗಳು. ಎಲ್ಲರೂ ಬಿಟ್ಟು ಹೋದರೆ ಇಲ್ಲಿ ಬದಲಾವಣೆ ತರುವವರು ಯಾರು? ಇದ್ದು ಏನು ಮಾಡಬಹುದು?

ಉತ್ತರ: ಬಹಳ ಮಾಡಬಹುದು. ಕಾನ್ಸಾಸ್ ಸಂಪ್ರದಾಯವಾದಿ ರಾಜ್ಯವೇ, ಆದರೂ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕು ತೆಗೆಯುವ ತಿದ್ದುಪಡಿಯನ್ನು ಮತದಾರರೇ ಸೋಲಿಸಿದರು. ಓಹಾಯೋದಲ್ಲಿ 2023ರಲ್ಲಿ ಜನಮತದಿಂದಲೇ ಆ ಹಕ್ಕು ಸಂವಿಧಾನ ಸೇರಿತು. ಟೆಕ್ಸಾಸ್‌ನಲ್ಲಿ ಜನರೇ ಸಹಿ ಸಂಗ್ರಹಿಸಿ ಇಂಥ ವಿಷಯವನ್ನು ಮತಕ್ಕೆ ಹಾಕಿಸುವ ದಾರಿ ಇಲ್ಲ, ಶಾಸಕಾಂಗದ ಮೂಲಕವೇ ಆಗಬೇಕು. ಹಾಗಾಗಿ ಇಲ್ಲಿ ಕೆಲಸ ನಿಧಾನ.

ಚುನಾವಣೆಗೆ 30 ದಿನ ಮೊದಲು ನೋಂದಣಿ ಆಗಿರಬೇಕು. ಹೊಸದಾಗಿ ನೋಂದಾಯಿಸುವವರು ಸಹಿ ಮಾಡಿದ ಕಾಗದದ ಅರ್ಜಿ ಕೊಡುವುದೇ ರೂಢಿ. ಶಾಲಾ ಮಂಡಳಿ ಚುನಾವಣೆಗಳು ಹಲವೆಡೆ ಮೇ ತಿಂಗಳಲ್ಲಿ, ಬರುವ ಮತದಾರರೇ ಕಡಿಮೆ. ಗ್ರಂಥಾಲಯದಲ್ಲಿ ಯಾವ ಪುಸ್ತಕ ಉಳಿಯಬೇಕೆಂಬ ತೀರ್ಮಾನಗಳು ಬಹುಪಾಲು ಆ ಮಂಡಳಿಯಲ್ಲೇ ಆಗುತ್ತವೆ. ಶಾಸಕಾಂಗ ಬೆಸ ವರ್ಷಗಳಲ್ಲಿ ಜನವರಿಯಿಂದ 140 ದಿನ ಕೂಡುತ್ತದೆ. ಮಸೂದೆ ಸಮಿತಿಯ ಮುಂದೆ ಬಂದ ದಿನ ರಾಜಧಾನಿ ಆಸ್ಟಿನ್‌ಗೆ ಹೋಗಿ ಹೆಸರು ಬರೆಸಿ ಮಾತಾಡಬಹುದು.

ಮನೆಯಲ್ಲಿ ಇನ್ನೂ ಪ್ರಜೆಯಾಗದವರಿದ್ದರೆ ಗಟ್ಟಿಯಾಗಿ ಹೇಳಿಡಿ: ಗ್ರೀನ್‌ಕಾರ್ಡ್ ಇದ್ದವರು ಚುನಾವಣಾ ದೇಣಿಗೆ ಕೊಡಬಹುದು, ಎಚ್‌-1ಬಿಯವರು ಕೊಡುವಂತಿಲ್ಲ, ಮತ ಹಾಕುವ ಹಕ್ಕು ಇಬ್ಬರಿಗೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ‘ಮತದಾರರಾಗಿ ನೋಂದಾಯಿಸಬೇಕೆ’ ಎಂಬ ಪ್ರಶ್ನೆಗೆ ತಿಳಿಯದೆ ಹೌದೆಂದು ಗುರುತು ಹಾಕಿದರೂ ಮುಂದೆ ಪೌರತ್ವದ ಅರ್ಜಿ ತಿರಸ್ಕಾರವಾಗಬಹುದು, ಗಡೀಪಾರಿನವರೆಗೂ ಹೋಗಬಹುದು.